ಹಳೆಯ ಮೆಮೊರಿ ಚಿಪ್ಪುಗಳು: ಮುದ್ರೆ ನೋಡಿ ಮನೆತನ ಹೇಳುವ ಬಗೆ

ಮುಂಬಯಿಯ ಲ್ಯಾಮಿಂಗ್ಟನ್ ರೋಡು, ಚೆನ್ನೈಯ ರಿಚಿ ಸ್ಟ್ರೀಟು, ದಿಲ್ಲಿಯ ನೆಹರೂ ಪ್ಲೇಸು, ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆ, ಈ ನಾಲ್ಕರಲ್ಲಿ ಒಂದರ ಹೆಸರನ್ನಾದರೂ ಅರಿಯದವರು ನಮ್ಮ ವಾಚಕರಲ್ಲಿ ವಿರಳವೆಂದೇ ಹೇಳಬೇಕು. ಹಗಲೆಲ್ಲ ಗಲ್ಲೆಯ ಬಳಿಯಲ್ಲೋ ಕಚೇರಿಯ ಮೇಜಿನ ಮುಂದೆಯೋ ದುಡಿದು, ಮಗನನ್ನೋ ತಮ್ಮನನ್ನೋ ಕಂಪ್ಯೂಟರ್ ದುರಸ್ತಿಯ ಕೆಲಸಕ್ಕೆ ಹಚ್ಚಿದವರು ನಮ್ಮವರಲ್ಲಿ ಬಹುಮಂದಿ ಇದ್ದಾರೆ. ಈ ಪೇಟೆಗಳ ಒಳಗಲ್ಲಿಗಳಲ್ಲಿ ಹಳೆಯ ಯಂತ್ರಗಳ ಹಸಿರು ಹಲಗೆಗಳು ಗೋಣಿಗಳಲ್ಲಿ ತುಂಬಿ, ತೂಕದ ಲೆಕ್ಕದಲ್ಲಿ ಕೈಬದಲಾಗುತ್ತವೆ. ಆ ಹಲಗೆಗಳ ಮೇಲೆ ಸಾಲುಸಾಲಾಗಿ ಜರಿಹುಳುಗಳಂತೆ ಕಾಲೂರಿ ಕುಳಿತ ಕರಿಯ ತುಂಡುಗಳೇ ಮೆಮೊರಿ ಚಿಪ್ಪುಗಳು. ಎಂದರೆ, ಯಂತ್ರದ ಸ್ಮರಣಶಕ್ತಿಯನ್ನು ಹೊತ್ತವು. ಇಂಗ್ಲಿಷಿನ ಚಿಪ್ ಎಂಬ ಮಾತನ್ನು ನಾವು ಚಿಪ್ಪು ಎಂದೇ ಬರೆಯುತ್ತೇವೆ. ಗಟ್ಟಿಯಾದ ಹೊದಿಕೆಯೊಳಗೆ ಸೂಕ್ಷ್ಮವಾದುದೊಂದು ಅಡಗಿರುವುದರಿಂದ ಆ ಹೆಸರು ಇದಕ್ಕೆ ಒಪ್ಪುವಂಥದೇ ಸರಿ.

ಇವನ್ನು ಮಾಡಿದವರು ಯಾರು? ಯಾವ ಕಾಲದ್ದು? ಮೇಲೆ ಬರೆದಿರುವುದು ನಿಜವೇ, ಸುಳ್ಳೇ? ಈ ಮೂರು ಪ್ರಶ್ನೆಗಳಿಗೆ ಉತ್ತರ ಬಲ್ಲವನಿಗೂ ಬಲ್ಲದವನಿಗೂ ಆ ಗೋಣಿಯ ಬೆಲೆ ಒಂದೇ ಆಗಿರುವುದಿಲ್ಲ. ಬಲ್ಲದವನು ತೂಕಕ್ಕೆ ಮಾರುತ್ತಾನೆ. ಬಲ್ಲವನು ಅದರೊಳಗಿಂದ ಹತ್ತು ಚಿಪ್ಪುಗಳನ್ನು ಆರಿಸಿಟ್ಟುಕೊಂಡು, ನಿಂತುಹೋದ ಯಂತ್ರವೊಂದನ್ನು ನಡೆಸುತ್ತಾನೆ. ಇಲ್ಲವೆ ಹಳೆಯ ವಸ್ತುಗಳನ್ನು ಕೂಡಿಡುವ ಹವ್ಯಾಸಿಗೆ ಒಳ್ಳೆಯ ಬೆಲೆಗೆ ಕೊಡುತ್ತಾನೆ. ಆದಕಾರಣ ಈ ಗುರುತುಗಳನ್ನು ಓದುವ ಬಗೆಯನ್ನು ನಮ್ಮ ವಾಚಕರ ಮುಂದೆ ಸವಿಸ್ತಾರವಾಗಿ ಇಡಲು ಬಯಸುತ್ತೇವೆ.

ನಾಲ್ಕು ಸಾಕ್ಷಿಗಳು

ಚಿಪ್ಪಿನ ಬೆನ್ನಿನ ಮೇಲೆ ಸಾಮಾನ್ಯವಾಗಿ ನಾಲ್ಕು ಸಂಗತಿಗಳು ಅಚ್ಚಾಗಿರುತ್ತವೆ. ಮೊದಲನೆಯದು ಲಾಂಛನ, ಎಂದರೆ ತಯಾರಕರ ಚಿತ್ರಮುದ್ರೆ. ಎರಡನೆಯದು ಸರಕಿನ ಸಂಖ್ಯೆಗೆ ಮುಂಚೆ ಬರುವ ಅಕ್ಷರಗಳು. ಇವನ್ನು ಮುನ್ನಕ್ಷರಗಳೆಂದು ಕರೆಯೋಣ. ಮೂರನೆಯದು ಸರಕಿನ ಸಂಖ್ಯೆ. ನಾಲ್ಕನೆಯದು ತಯಾರಾದ ಕಾಲವನ್ನು ಸೂಚಿಸುವ ಅಂಕಗಳು. ಈ ಕೊನೆಯದು ಬಹುಮಟ್ಟಿಗೆ ನಾಲ್ಕಂಕಿಯದು: ಮೊದಲೆರಡು ವರ್ಷ, ಕೊನೆಯೆರಡು ವಾರ. 8342 ಎಂದಿದ್ದರೆ 1983ನೆಯ ಇಸವಿಯ 42ನೆಯ ವಾರ, ಅಂದರೆ ಅಕ್ಟೋಬರ್ ತಿಂಗಳ ನಡುಭಾಗ ಎಂದು ತಿಳಿಯತಕ್ಕದ್ದು.

ಸರಕಿನ ಸಂಖ್ಯೆಯ ಕೊನೆಯ ಅಂಕಗಳು ಚಿಪ್ಪಿನ ಅಳವನ್ನು ಹೇಳುವುದುಂಟು. 4116 ಎಂಬುದರಲ್ಲಿ 16 ಎಂದರೆ 16,384 ಬಿಟ್ಟುಗಳು. 4164 ಎಂಬುದರಲ್ಲಿ 64 ಎಂದರೆ 65,536 ಬಿಟ್ಟುಗಳು. ಒಂದು ಅಕ್ಷರಕ್ಕೆ ಎಂಟು ಬಿಟ್ಟು ಬೇಕಾಗುವುದರಿಂದ ಇಂಥ ಚಿಪ್ಪುಗಳು ಎಂಟೆಂಟರ ಸಾಲಿನಲ್ಲಿ ಕೂರುತ್ತವೆ. ಎಂಟು 4164 ಸೇರಿದರೆ ಇಂಗ್ಲಿಷಿನಲ್ಲಿ ಟೈಪು ಮಾಡಿದ ಸುಮಾರು ಮೂವತ್ತು ಹಾಳೆಗಳಷ್ಟು ಬರಹವನ್ನು ನೆನಪಿಟ್ಟುಕೊಳ್ಳಬಲ್ಲವು. ಇಂದಿನ ಲೆಕ್ಕಕ್ಕೆ ಇದು ಏನೇನೂ ಅಲ್ಲ. 1980ರ ಸುಮಾರಿಗೆ ಇದೇ ಮಹಾ ಸಾಧನೆಯಾಗಿತ್ತು.

ಅಮೆರಿಕದ ಮನೆತನಗಳು

ಈ ಉದ್ಯಮದ ಮೊದಲ ಹೆಸರುಗಳು ಅಮೆರಿಕದವು. ರಾಬರ್ಟ್ ನಾಯ್ಸ್ ಹಾಗೂ ಗಾರ್ಡನ್ ಮೂರ್ ಎಂಬವರು 1968ರಲ್ಲಿ ಸ್ಥಾಪಿಸಿದ ಇಂಟೆಲ್ ಸಂಸ್ಥೆಯನ್ನು ಇಂದಿನವರು ಕಂಪ್ಯೂಟರಿನ ಮಿದುಳನ್ನು ಮಾಡುವ ಸಂಸ್ಥೆಯೆಂದೇ ಬಲ್ಲರು. ಆದರೆ ಅದರ ಮೊದಲ ಕಸುಬು ಮೆಮೊರಿ ಚಿಪ್ಪು. 1970ರಲ್ಲಿ ಹೊರಬಂದ ಅದರ 1103 ಎಂಬ ಸರಕು, ಅದುವರೆಗೆ ಕಂಪ್ಯೂಟರುಗಳಲ್ಲಿ ಬಳಕೆಯಲ್ಲಿದ್ದ ಕಬ್ಬಿಣದಂಶದ ಸಣ್ಣ ಉಂಗುರಗಳ ಮೆಮೊರಿಯನ್ನು ಮೂಲೆಗೆ ಸರಿಸತೊಡಗಿತು. ಇಂಟೆಲಿನ ಹಳೆಯ ಲಾಂಛನದಲ್ಲಿ ಇಂಗ್ಲಿಷಿನ 'ಇ' ಅಕ್ಷರ ಮಾತ್ರ ಸಾಲಿನಿಂದ ಕೆಳಗಿಳಿದಿರುತ್ತದೆ. ಈ ಇಳಿದ ಅಕ್ಷರದ ಮುದ್ರೆ 2005ರ ಕೊನೆಯವರೆಗೆ ನಡೆಯಿತು. ಅನಂತರ ಬಂದದ್ದು ಅಂಡಾಕಾರದ ಗೆರೆ ಸುತ್ತಿದ ಹೊಸ ಮುದ್ರೆ. ಇಂಟೆಲ್ ಮುನ್ನಕ್ಷರವಾಗಿ ತನ್ನ ಹೆಸರನ್ನು ಬರೆಯದೆ, ಹೊದಿಕೆಯ ಜಾತಿಯನ್ನು ಬರೆಯುತ್ತಿತ್ತು: 'ಪಿ' ಎಂದರೆ ಪ್ಲಾಸ್ಟಿಕ್, 'ಸಿ' ಮತ್ತು 'ಡಿ' ಎಂದರೆ ಪಿಂಗಾಣಿಯ ಎರಡು ಬಗೆಗಳು. ಬಿಳಿಯ ಪಿಂಗಾಣಿಗೆ ಚಿನ್ನದ ಲೇಪದ ತಗಡು ಕೂರಿಸಿದ 'ಸಿ' ಜಾತಿಯ ಹಳೆಯ ಚಿಪ್ಪುಗಳೇ ಹವ್ಯಾಸಿಗಳು ಹೆಚ್ಚು ಅರಸುವಂಥವು. ದುರ್ದೈವವೆಂದರೆ ಅದೇ ಚಿನ್ನದ ಆಸೆಗೆ ಆಮ್ಲದಲ್ಲಿ ಕರಗಿ ಹೋಗುವುವೂ ಇವೇ.

ಟೆಕ್ಸಸ್ ಇನ್ಸ್ಟ್ರುಮೆಂಟ್ಸ್ ಸಂಸ್ಥೆಯ ಲಾಂಛನ ಟೆಕ್ಸಸ್ ರಾಜ್ಯದ ನಕಾಶೆ. ಅದರೊಳಗೆ 'ಟಿ' ಮತ್ತು 'ಐ' ಎಂಬ ಸಣ್ಣಕ್ಷರಗಳು. ಒಮ್ಮೆ ಕಂಡರೆ ಮರೆಯುವಂತಿಲ್ಲ. ಮೆಮೊರಿಗೆ ಅದರ ಮುನ್ನಕ್ಷರ ಟಿ.ಎಂ.ಎಸ್. ಮೋಟೊರೋಲಾದ ಲಾಂಛನ ವೃತ್ತದೊಳಗೆ ರೆಕ್ಕೆ ಬಿಚ್ಚಿದ ಬಾವಲಿಯಂತೆ ತೋರುವ 'ಎಂ' ಅಕ್ಷರ, ಮುನ್ನಕ್ಷರ ಎಂ.ಸಿ.ಎಂ. ನ್ಯಾಷನಲ್ ಸೆಮಿಕಂಡಕ್ಟರ್ ಸಂಸ್ಥೆಯದು ಬಳುಕು ಗೆರೆಗಳ 'ಎನ್', ಮುನ್ನಕ್ಷರ ಎಂ.ಎಂ. 1969ರಲ್ಲಿ ಹುಟ್ಟಿದ ಎ.ಎಂ.ಡಿ. ಸಂಸ್ಥೆಯದು ಮೂಲೆಯತ್ತ ಮುಖಮಾಡಿದ ಬಾಣದ ಗುರುತು.

ಅದೇ 1969ರಲ್ಲಿ ಟೆಕ್ಸಸ್ ಇನ್ಸ್ಟ್ರುಮೆಂಟ್ಸನ್ನು ಬಿಟ್ಟುಬಂದ ಕೆಲವರು ಮಾಸ್ಟೆಕ್ ಎಂಬ ಸಂಸ್ಥೆಯನ್ನು ಕಟ್ಟಿದರು. ಮುನ್ನಕ್ಷರ ಎಂ.ಕೆ. ಹದಿನಾರೇ ಕಾಲುಗಳಲ್ಲಿ ಕೆಲಸ ಸಾಗಿಸುವ ಮೆಮೊರಿ ಚಿಪ್ಪನ್ನು 1973ರಲ್ಲಿ ತಂದ ಕೀರ್ತಿ ಇವರದು. ವಿಳಾಸವನ್ನು ಎರಡು ಕಂತುಗಳಲ್ಲಿ ಕಳುಹಿಸುವ ಆ ಉಪಾಯವನ್ನು ಮುಂದೆ ಎಲ್ಲರೂ ಅನುಸರಿಸಿದರು. ಇಂಥ ಮನೆಯೂ ಉಳಿಯಲಿಲ್ಲ. 1979ರಲ್ಲಿ ಬೇರೊಂದು ಉದ್ಯಮ ಅದನ್ನು ಕೊಂಡಿತು. 1985ರಲ್ಲಿ ಅದು ಫ್ರಾನ್ಸಿನ ಥಾಮ್ಸನ್ ಸಂಸ್ಥೆಯ ಪಾಲಾಯಿತು. 1987ರಲ್ಲಿ ಥಾಮ್ಸನ್ನಿನ ಚಿಪ್ಪು ವಿಭಾಗವು ಇಟಲಿಯ ಎಸ್.ಜಿ.ಎಸ್. ಜತೆ ಕೂಡಿ ಎಸ್.ಜಿ.ಎಸ್.-ಥಾಮ್ಸನ್ ಆಯಿತು, 1998ರಲ್ಲಿ ಅದರ ಹೆಸರು ಎಸ್.ಟಿ. ಮೈಕ್ರೋಎಲೆಕ್ಟ್ರಾನಿಕ್ಸ್ ಎಂದಾಯಿತು. ಮನೆ ಹೋದರೂ ಮುನ್ನಕ್ಷರ ಹೋಗಲಿಲ್ಲ. ಎಸ್.ಜಿ.ಎಸ್.-ಥಾಮ್ಸನ್ ಮುದ್ರೆಯ ಕೆಳಗೆ ಎಂ.ಕೆ. ಎಂದು ಬರೆದ ಚಿಪ್ಪುಗಳು ಎಷ್ಟೋ ಕಾಲ ಮಾರಾಟವಾದವು. ಹೋಟೆಲು ಮುಚ್ಚಿದ ಮೇಲೂ ಅದರ ಹೆಸರು ಹೊಡೆಸಿದ ಲೋಟ, ತಟ್ಟೆಗಳು ಇನ್ನೊಂದು ಹೋಟೆಲಿನಲ್ಲಿ ಗಿರಾಕಿಗಳ ಮುಂದೆ ಬರುವುದನ್ನು ಕಂಡ ನಮ್ಮವರಿಗೆ ಇದು ಹೊಸತಾಗಿ ತೋರಲಾರದು.

ಮೈಕ್ರಾನ್ ಎಂಬ ಸಂಸ್ಥೆಯ ಕಥೆಯನ್ನು ನಮ್ಮ ಹೋಟೆಲು ಬಂಧುಗಳು ಅವಶ್ಯ ಕೇಳಬೇಕು. ಅಮೆರಿಕದ ಐಡಹೋ ರಾಜ್ಯದ ಬಾಯ್ಸಿ ಎಂಬ ಊರಿನಲ್ಲಿ 1978ರಲ್ಲಿ ಇದು ಆರಂಭವಾಯಿತು. ಬಂಡವಾಳ ಹಾಕಿದವರಲ್ಲಿ ಮುಖ್ಯರಾದವರು ಜೆ. ಆರ್. ಸಿಂಪ್ಲಾಟ್ ಎಂಬ ಬಟಾಟೆಯ ದೊಡ್ಡ ವ್ಯಾಪಾರಿಗಳು. ಮ್ಯಾಕ್‌ಡೊನಾಲ್ಡ್ಸ್ ಹೋಟೆಲುಗಳಿಗೆ ಕೊಯ್ದು ಮಂಜುಗಟ್ಟಿಸಿದ ಬಟಾಟೆಯನ್ನು ಒದಗಿಸಿ ಹಣ ಮಾಡಿದವರು. ಬಟಾಟೆಯ ಹಣದಿಂದ ಬೆಳೆದ ಈ ಸಂಸ್ಥೆ ಇಂದು ಲೋಕದ ಮೆಮೊರಿ ತಯಾರಕರಲ್ಲಿ ಅಗ್ರಪಂಕ್ತಿಯದು. ಮುನ್ನಕ್ಷರ ಎಂ.ಟಿ.

ಜಪಾನಿನ ಮುದ್ರೆಗಳು

1980ರ ದಶಕದಲ್ಲಿ ಈ ವ್ಯಾಪಾರದ ಮುಂದಾಳುತನ ಜಪಾನಿಗೆ ಹೋಯಿತು. ಬೆಲೆಯ ಪೈಪೋಟಿಯನ್ನು ತಾಳಲಾರದೆ ಇಂಟೆಲ್ ಸಂಸ್ಥೆಯೇ 1985ರಲ್ಲಿ ತಾನು ಹುಟ್ಟುಹಾಕಿದ ಈ ಜಾತಿಯ ಮೆಮೊರಿಯ ತಯಾರಿಕೆಯಿಂದ ಹಿಂದೆ ಸರಿಯಿತು. ಆದುದರಿಂದ ಆ ಕಾಲದ ಹಲಗೆಗಳಲ್ಲಿ ಕಣ್ಣಿಗೆ ಬೀಳುವುದು ಹೆಚ್ಚಾಗಿ ಜಪಾನಿನ ಮುದ್ರೆಗಳೇ.

ಮಿತ್ಸುಬಿಶಿಯ ಮೂರು ವಜ್ರಾಕೃತಿಗಳನ್ನು ಎಲ್ಲರೂ ಬಲ್ಲರು. 'ಮಿತ್ಸು' ಎಂದರೆ ಮೂರು. 'ಹಿಶಿ' ಎಂದರೆ ಕೆರೆಯಲ್ಲಿ ಬೆಳೆಯುವ ಒಂದು ಕಾಯಿ. ಮುಂಬಯಿ, ದಿಲ್ಲಿಗಳ ಬೀದಿಗಳಲ್ಲಿ ಶಿಂಗಾಡಾ ಎಂದು ಮಾರುವುದು ಈ ಜಾತಿಯ ಕಾಯಿಯನ್ನೇ. ಅದರ ಆಕಾರದಿಂದ ವಜ್ರಾಕೃತಿಗೂ ಜಪಾನಿಯರಲ್ಲಿ ಅದೇ ಹೆಸರು. ಮೆಮೊರಿಗೆ ಇವರ ಮುನ್ನಕ್ಷರ 'ಎಂ', 'ಐದು', 'ಕೆ'. ಗುಮಾಸ್ತ ಬಂಧುಗಳಿಗೆ ಇಲ್ಲೊಂದು ಸ್ವಾರಸ್ಯ. ಯೂನಿ ಎಂಬ ಹೆಸರಿನ ಪೆನ್ಸಿಲು, ಪೆನ್ನುಗಳನ್ನು ಮಾಡುವ ಮಿತ್ಸುಬಿಶಿ ಪೆನ್ಸಿಲ್ ಎಂಬ ಸಂಸ್ಥೆಗೂ ಇದೇ ಹೆಸರು, ಇದೇ ಮೂರು ವಜ್ರಗಳು. ಆದರೆ ಇಬ್ಬರಿಗೂ ಯಾವ ಸಂಬಂಧವೂ ಇಲ್ಲ. ಒಂದು ಚಿತ್ರ ಒಬ್ಬನ ಸೊತ್ತೇ ಆಗಿರಬೇಕೆಂಬ ನೇಮವಿಲ್ಲವೆಂಬುದನ್ನು ಇದರಿಂದ ಅರಿಯಬಹುದು.

ಹಿಟಾಚಿಯದು ವೃತ್ತವೊಂದರ ನಾಲ್ಕು ದಿಕ್ಕಿಗೂ ಮುಳ್ಳು ಚಾಚಿದ ಮುದ್ರೆ. ವೃತ್ತದೊಳಗಿರುವುದು ಆ ಸಂಸ್ಥೆಯ ಹೆಸರಿನ ಎರಡು ಚಿತ್ರಾಕ್ಷರಗಳ ಜೋಡಣೆ, ಮುಳ್ಳುಗಳು ಸೂರ್ಯಕಿರಣಗಳು. ಮುನ್ನಕ್ಷರ ಎಚ್.ಎಂ. ಅಥವಾ ಎಚ್.ಎನ್. ನಮ್ಮ ದೇಶದ ಶಾಲೆಗಳಲ್ಲಿ 1984ರಲ್ಲಿ ಆರಂಭವಾದ 'ಕ್ಲಾಸ್' ಯೋಜನೆಯ ಮೂಲಕ ಬಂದ ಕಂಪ್ಯೂಟರ್ ಬಿ.ಬಿ.ಸಿ. ಮೈಕ್ರೋ. ಆ ಬಗೆಯ ಯಂತ್ರವನ್ನು ಬಿಚ್ಚಿದರೆ ಒಳಗೆ ಸಾಮಾನ್ಯವಾಗಿ ಕಾಣುವುದು ಹಿಟಾಚಿಯ ಎಚ್.ಎಂ. 4816.

ಉಳಿದವರಲ್ಲಿ ತೋಶಿಬಾದ ಮುನ್ನಕ್ಷರ ಟಿ.ಎಂ.ಎಂ. ಮತ್ತು ಟಿ.ಸಿ.; ಫುಜಿತ್ಸುವಿನದು ಎಂ.ಬಿ.; ಓಕಿಯದು ಎಂ.ಎಸ್.ಎಂ.; ಶಾರ್ಪಿನದು ಎಲ್.ಎಚ್. ಎನ್.ಇ.ಸಿ. ಎಂಬ ಸಂಸ್ಥೆಯ ಪೂರ್ಣ ಮುನ್ನಕ್ಷರ 'ಮ್ಯೂ' ಎಂಬ ಗ್ರೀಕ್ ಅಕ್ಷರ ಹಾಗೂ 'ಪಿ', 'ಡಿ'. ಆದರೆ ಚಿಪ್ಪಿನ ಮೇಲೆ ಬಹುಪಾಲು 'ಡಿ' ಒಂದೇ ಇರುತ್ತದೆ. ಇದರಿಂದಾಗುವ ಗೊಂದಲವನ್ನು ಮುಂದೆ ಹೇಳುತ್ತೇವೆ.

ಕೊರಿಯ, ಜರ್ಮನಿ, ರಷ್ಯ

ಜಪಾನಿನ ಬೆನ್ನಿಗೇ ಬಂದವರು ಕೊರಿಯದವರು. ಸ್ಯಾಮ್‌ಸಂಗ್ ಎಂಬ ಮಾತಿನ ಅರ್ಥ ಮೂರು ನಕ್ಷತ್ರಗಳು. 1993ಕ್ಕೆ ಹಿಂದಿನ ಅದರ ಲಾಂಛನದಲ್ಲಿ ಮೂರು ನಕ್ಷತ್ರಗಳೂ ಇದ್ದವು. 1983ರಲ್ಲಿ ಮೈಕ್ರಾನ್ ಸಂಸ್ಥೆಯಿಂದ ವಿನ್ಯಾಸದ ಪರವಾನಗಿ ಪಡೆದು ಇದು 64ರ ಅಳವಿನ ಚಿಪ್ಪನ್ನು ಮಾಡಿತು. ಹಳೆಯ ಸರಕಿನ ಮೇಲೆ ಎಸ್.ಇ.ಸಿ. ಎಂಬ ಮೂರಕ್ಷರವೂ ಕೆ.ಎಂ. ಎಂಬ ಮುನ್ನಕ್ಷರವೂ ಇರುತ್ತವೆ. ಹ್ಯುಂಡೈ ಎಂದರೆ ಇಂದಿನವರಿಗೆ ಮೋಟಾರು ಕಾರು. ಆದರೆ ಆ ಹೆಸರಿನ ಚಿಪ್ಪುಗಳೂ ಇದ್ದವು. ಮುನ್ನಕ್ಷರ ಎಚ್.ವೈ. ಅದು 1999ರಲ್ಲಿ ಎಲ್.ಜಿ.ಯವರ ಚಿಪ್ಪು ಉದ್ಯಮವನ್ನು ಸೇರಿಸಿಕೊಂಡು, 2001ರಲ್ಲಿ ಹೈನಿಕ್ಸ್ ಎಂದೂ 2012ರಲ್ಲಿ ಎಸ್.ಕೆ. ಹೈನಿಕ್ಸ್ ಎಂದೂ ಹೆಸರಾಯಿತು.

ಇಲ್ಲಿ ಲಕ್ಷ್ಯವಿಡಬೇಕಾದ ಒಂದು ಅಂಶವಿದೆ. ಎಚ್.ವೈ. ಎಂದಷ್ಟೇ ಇದ್ದರೆ ಕೊರಿಯದ ಹ್ಯುಂಡೈ, ಎಚ್.ವೈ.ಬಿ. ಎಂದಿದ್ದರೆ ಜರ್ಮನಿಯ ಸೀಮೆನ್ಸ್. ಒಂದಕ್ಷರದ ಅಂತರದಲ್ಲಿ ದೇಶವೇ ಬದಲಾಯಿತು. ಸೀಮೆನ್ಸಿನ ಈ ವಿಭಾಗ 1999ರಲ್ಲಿ ಇನ್ಫಿನಿಯಾನ್ ಆಯಿತು. ಅದರ ಮೆಮೊರಿ ಶಾಖೆ 2006ರಲ್ಲಿ ಕ್ವಿಮೊಂಡಾ ಎಂದು ಬೇರೆಯಾಗಿ, 2009ರ ಜನವರಿಯಲ್ಲಿ ದಿವಾಳಿಯಾಯಿತು.

ರಷ್ಯದ, ಎಂದರೆ ಹಿಂದಿನ ಸೋವಿಯೆತ್ ಒಕ್ಕೂಟದ, ಪದ್ಧತಿಯೇ ಬೇರೆ. ಅಲ್ಲಿ ಸರಕಿನ ಸಂಖ್ಯೆ ಇಡೀ ದೇಶಕ್ಕೆ ಒಂದೇ. ಕೆ 565 ಎಂದು ತೊಡಗಿ, ನಡುವೆ ಕಣ್ಣಿಗೆ ಇಂಗ್ಲಿಷಿನ 'ಪಿ' ಮತ್ತು 'ವೈ'ಗಳಂತೆ ತೋರಿ, ರಷ್ಯನ್ ಭಾಷೆಯಲ್ಲಿ 'ರು' ಎಂದು ಓದತಕ್ಕ ಎರಡು ಅಕ್ಷರಗಳು, ಕೊನೆಗೆ 3 ಅಥವಾ 5. ಕೊನೆಗೆ 3 ಇದ್ದುದು 4116ಕ್ಕೆ ಸಮನಾದುದು; 5 ಇದ್ದುದು 64ರ ಅಳವಿನದು. ಯಾವ ಕಾರ್ಖಾನೆ ಮಾಡಿದರೂ ಸಂಖ್ಯೆ ಇದೇ ಆದುದರಿಂದ, ಮಾಡಿದವರು ಯಾರೆಂದು ತಿಳಿಸುವುದು ಮೂಲೆಯಲ್ಲಿನ ಪುಟ್ಟ ಚಿತ್ರವೊಂದೇ. ಬೇರೆ ದೇಶಗಳ ಚಿಪ್ಪುಗಳಲ್ಲಿ ಲಾಂಛನ ಅಳಿಸಿದರೂ ಮುನ್ನಕ್ಷರದಿಂದ ಮನೆ ಹೇಳಬಹುದು. ಇಲ್ಲಿ ಲಾಂಛನ ಅಳಿಸಿದರೆ ಮನೆಯ ಗುರುತೇ ಅಳಿಯಿತು. ಇವುಗಳ ಮೇಲೆ ಕೆಲವೆಡೆ ಕಾಣುವ ವಜ್ರಾಕೃತಿಯ ಗುರುತು ಸೈನ್ಯದ ತಪಾಸಣೆಯಲ್ಲಿ ತೇರ್ಗಡೆಯಾದುದರ ಸಂಕೇತವೇ ಹೊರತು ಕಾರ್ಖಾನೆಯ ಲಾಂಛನವಲ್ಲ.

ಒಂದೇ ಸರಕು, ಹಲವು ಮುದ್ರೆ

ಇಷ್ಟು ಮಂದಿ ಒಂದೇ ಬಗೆಯ ಚಿಪ್ಪನ್ನು ಏಕೆ ಮಾಡಿದರೆಂಬ ಪ್ರಶ್ನೆ ಸಹಜ. ಕಂಪ್ಯೂಟರ್ ತಯಾರಿಸುವವನು ಒಬ್ಬನೇ ವರ್ತಕನನ್ನು ನಂಬಿ ಕೂರಲಾರ. ಹಾಲಿನವನು ಒಂದು ದಿನ ಬಾರದಿದ್ದರೆ ಕಾಫಿ ನಿಲ್ಲುತ್ತದೆಂದು ಇನ್ನೊಬ್ಬ ಹಾಲಿನವನನ್ನೂ ಗೊತ್ತುಮಾಡಿಟ್ಟುಕೊಳ್ಳುವುದು ನಮ್ಮ ಹೋಟೆಲುಗಳಲ್ಲಿಯೂ ಉಂಟಷ್ಟೆ. ಅದೇ ನ್ಯಾಯದಿಂದ ಒಬ್ಬರ ಜಾಗದಲ್ಲಿ ಇನ್ನೊಬ್ಬರದು ಕೂರುವಂಥ ಚಿಪ್ಪುಗಳನ್ನು ಹಲವರು ಮಾಡಿದರು. ಹೆಸರು ಮಾತ್ರ ತಮತಮಗೆ ತೋಚಿದಂತೆ ಇಟ್ಟರು. 64ರ ಅಳವಿನ ಚಿಪ್ಪಿಗೆ ಟೆಕ್ಸಸಿನವರು ಟಿ.ಎಂ.ಎಸ್. 4164 ಎಂದರೆ, ಹಿಟಾಚಿ ಎಚ್.ಎಂ. 4864 ಎಂದಿತು, ಫುಜಿತ್ಸು ಎಂ.ಬಿ. 8264, ಓಕಿ ಎಂ.ಎಸ್.ಎಂ. 3764, ಮೈಕ್ರಾನ್ ಎಂ.ಟಿ. 4264, ಮಾಸ್ಟೆಕ್ ಎಂ.ಕೆ. 4564, ಮೋಟೊರೋಲಾ ಎಂ.ಸಿ.ಎಂ. 6665 ಎಂದವು.

ಹಾಗಾದರೆ ಯಾರದಾದರೇನು ಎಂದು ಉಪೇಕ್ಷಿಸುವಂತಿಲ್ಲ. ಈ ಜಾತಿಯ ಚಿಪ್ಪು ತನ್ನ ನೆನಪನ್ನು ತಾನೇ ಹಿಡಿದಿಡಲಾರದು. ಕ್ಷಣಕ್ಷಣಕ್ಕೂ ಅದನ್ನು ಮರುಬರೆಯುತ್ತಿರಬೇಕು. ಜಪಾನಿನ ಹಲವರ ಚಿಪ್ಪುಗಳು 128 ಸುತ್ತುಗಳಲ್ಲಿ ಈ ಕೆಲಸವನ್ನು ಮುಗಿಸಿದರೆ, ಟೆಕ್ಸಸಿನವರ 4164ಕ್ಕೆ 256 ಸುತ್ತುಗಳು ಬೇಕು. ಜೆಡ್ 80 ಎಂಬ ಪ್ರಸಿದ್ಧ ಮಿದುಳು ತಾನಾಗಿ ನಡೆಸಿಕೊಡುವುದು 128 ಸುತ್ತುಗಳನ್ನು ಮಾತ್ರ. ಆ ಏರ್ಪಾಟನ್ನೇ ನಂಬಿದ ಯಂತ್ರದಲ್ಲಿ ನಕಾಶೆಯ ಮುದ್ರೆಯ ಚಿಪ್ಪನ್ನು ಕೂರಿಸಿದರೆ ಅದು ಸಗಟಾಗಿ ಮರೆಯತೊಡಗುತ್ತದೆ. ಚಿಪ್ಪು ಕೆಟ್ಟಿಲ್ಲ, ಯಂತ್ರವೂ ಕೆಟ್ಟಿಲ್ಲ. ಮುದ್ರೆ ನೋಡದೆ ಕೂರಿಸಿದ್ದೇ ದೋಷ.

ಇನ್ನೊಂದು ಉದಾಹರಣೆ 1982ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಸಿಂಕ್ಲೇರ್ ಸ್ಪೆಕ್ಟ್ರಂ ಎಂಬ ಅಗ್ಗದ ಕಂಪ್ಯೂಟರಿನದು. ವೆಚ್ಚ ತಗ್ಗಿಸಲೆಂದು ಅದರಲ್ಲಿ ಅರ್ಧಭಾಗ ಕೆಟ್ಟ 64ರ ಚಿಪ್ಪುಗಳನ್ನು ಒಳ್ಳೆಯ ಅರ್ಧಕ್ಕಾಗಿ ಬಳಸಿದರು. ಟೆಕ್ಸಸಿನವರು ಅಂಥವನ್ನು 4532 ಎಂದೂ, ಓಕಿಯವರು 3732 ಎಂದೂ ಮಾರಿದರು. ಹಲಗೆಯ ಮೇಲೆ ಯಾರ ಚಿಪ್ಪು ಕೂತಿದೆಯೆಂಬುದಕ್ಕೆ ತಕ್ಕಂತೆ ಒಂದು ತಂತಿಯ ಜಾಗವನ್ನು ಬದಲಿಸಬೇಕಾಗಿತ್ತು. ಕಮೊಡೋರ್ 64 ಎಂಬ ಯಂತ್ರ ಕೈಗೆ ಬಂದಾಗ, ಒಳಗೆ ಮೈಕ್ರಾನಿನ ಎಂ.ಟಿ. 4264 ಕಂಡರೆ ದುರಸ್ತಿಗಾರರು ಮೊದಲು ಅತ್ತಲೇ ಬೆರಳಿಡುವುದು ವಾಡಿಕೆ. ಹೀಗೆ ಮುದ್ರೆಯನ್ನು ಓದಬಲ್ಲವನ ಕೆಲಸ ಅರ್ಧದಷ್ಟು ಹಗುರವಾಗುತ್ತದೆ.

ತಪ್ಪು ಓದುವ ಎಡೆಗಳು

ಮೊದಲನೆಯ ಎಡೆ 'ಡಿ' ಅಕ್ಷರ. ಡಿ 2716 ಎಂದು ಇಂಟೆಲ್ ಬರೆದರೆ ಅದು ಪಿಂಗಾಣಿ ಹೊದಿಕೆಯ ಸೂಚನೆ, ಎನ್.ಇ.ಸಿ. ಬರೆದರೆ ಅದು ಸಂಸ್ಥೆಯ ಮುನ್ನಕ್ಷರದ ಉಳಿಕೆ. ಅಕ್ಷರವೂ ಸಂಖ್ಯೆಯೂ ಒಂದೇ ಆಗಿರುವಲ್ಲಿ ಲಾಂಛನವೊಂದೇ ಗತಿ.

ಎರಡನೆಯದು ಅಂಕಗಳ ಗೊಂದಲ. ಎಂ.ಬಿ. 8116 ಎಂಬುದರಲ್ಲಿನ 8116ನ್ನು 1981ರ 16ನೆಯ ವಾರವೆಂದು ಓದಿಬಿಡುವುದು ಸುಲಭ; ಆದರೆ ಅದು ಸರಕಿನ ಸಂಖ್ಯೆ. ಮುನ್ನಕ್ಷರದ ಮಗ್ಗುಲಲ್ಲಿದ್ದರೆ ಸರಕು, ಒಂಟಿಯಾಗಿದ್ದರೆ ಕಾಲ ಎಂಬುದು ಸಾಮಾನ್ಯವಾದ ತೀರ್ಪು. ವೃತ್ತದೊಳಗಿನ 'ಸಿ' ಗುರುತಿನ ಮುಂದೆ 1978 ಮುಂತಾಗಿ ಇಸವಿ ಇದ್ದರೆ ಅದು ವಿನ್ಯಾಸದ ಹಕ್ಕು ದಾಖಲಾದ ವರ್ಷ. ಚಿಪ್ಪು ಅದಾದ ಎಷ್ಟೋ ವರ್ಷಗಳ ಮೇಲೆ ತಯಾರಾದುದಿರಬಹುದು.

ಮೂರನೆಯದು ದೇಶದ ಹೆಸರು. ಮಲೇಶಿಯ, ಫಿಲಿಪೈನ್ಸ್, ಎಲ್ ಸಾಲ್ವಡೋರ್ ಎಂದೆಲ್ಲ ಅಚ್ಚಾಗಿರುವುದು ಚಿಪ್ಪಿಗೆ ಹೊದಿಕೆ ತೊಡಿಸಿದ ಸ್ಥಳ. ಒಳಗಿನ ಸಿಲಿಕಾನ್ ತುಣುಕು ಹುಟ್ಟಿದ ಊರು ಬೇರೆಯೇ ಇರಬಹುದು. ಮಾತುಂಗದಲ್ಲಿರುವ ಹೋಟೆಲಿಗೆ ಉಡುಪಿಯ ಹೆಸರಿಲ್ಲವೆ?

ನಾಲ್ಕನೆಯದು ಕೇವಲ ಗೊಂದಲವಲ್ಲ, ನಷ್ಟ. 4116 ಮತ್ತು 4164 ಎರಡಕ್ಕೂ ಹದಿನಾರು ಕಾಲು, ಒಂದೇ ಗಾತ್ರ. ಆದರೆ 4116ಕ್ಕೆ 12 ವೋಲ್ಟು, 5 ವೋಲ್ಟು, ಋಣ 5 ವೋಲ್ಟು ಎಂಬ ಮೂರು ಬಗೆಯ ವಿದ್ಯುತ್ತು ಬೇಕು. 4164ಕ್ಕೆ 5 ವೋಲ್ಟು ಒಂದೇ ಸಾಕು. 4116ರ ಪೀಠದಲ್ಲಿ 4164ನ್ನು ಕೂರಿಸಿದರೆ 12 ವೋಲ್ಟು ಹರಿದು ಚಿಪ್ಪು ಸುಟ್ಟುಹೋಗುತ್ತದೆ.

ಸುಳ್ಳು ಮುದ್ರೆ

ಮುದ್ರೆಗೆ ಬೆಲೆಯಿರುವಲ್ಲಿ ಸುಳ್ಳು ಮುದ್ರೆ ಹುಟ್ಟದಿರದು. ಹಲಗೆಯಿಂದ ಕಿತ್ತ ಅಗ್ಗದ ಚಿಪ್ಪಿನ ಬೆನ್ನನ್ನು ಉಜ್ಜಿ, ಕರಿಯ ಲೇಪ ಬಳಿದು, ಹೆಚ್ಚಿನ ಬೆಲೆಯ ಹೆಸರನ್ನು ಅಚ್ಚೊತ್ತಿ ಮಾರುವ ಕಸುಬು ಲೋಕದಲ್ಲಿ ವ್ಯಾಪಕವಾಗಿ ನಡೆದಿದೆ. ಕೊಂಡವನ ಕೈಗೆ ಬರುವುದು ಚಿಪ್ಪೇ. ಆದರೆ ಆಡುಮಾತಿನ ಅರ್ಥದ ಚಿಪ್ಪು. ಆದಕಾರಣ ಈ ಕೆಳಗಿನ ಪರೀಕ್ಷೆಗಳನ್ನು ಮಾಡಿಯೇ ಹಣ ಕೊಡತಕ್ಕದ್ದು.

ಬೆನ್ನಿನ ಮೈಯೂ ಪಕ್ಕದ ಮೈಯೂ ಒಂದೇ ತೆರನಾಗಿವೆಯೇ ನೋಡಬೇಕು. ಮೊದಲ ಕಾಲಿನ ಬಳಿಯ ಸಣ್ಣ ಗುಳಿ ಸ್ಪಷ್ಟವಾಗಿದೆಯೇ, ಉಜ್ಜಿದ್ದರಿಂದ ತೆಳುವಾಗಿದೆಯೇ, ಲೇಪದಿಂದ ತುಂಬಿದೆಯೇ ಎಂದು ಭೂತಗನ್ನಡಿಯಲ್ಲಿ ಪರೀಕ್ಷಿಸಬೇಕು. ಅಸಿಟೋನಿನಲ್ಲಿ ಅದ್ದಿದ ಹತ್ತಿಯಿಂದ ಒರಸಿದಾಗ ಹತ್ತಿಗೆ ಕರಿಬಣ್ಣ ಹತ್ತಿದರೆ ಅದು ಮೇಲೆ ಬಳಿದ ಲೇಪವೆಂದು ತಿಳಿಯಬೇಕು. 1970ರ ದಶಕದ ಚಿಪ್ಪುಗಳಲ್ಲಿ ಶಾಯಿಯ ಅಚ್ಚೇ ರೂಢಿ. ಆ ಕಾಲದ್ದೆಂದು ಹೇಳುವ ಚಿಪ್ಪಿನ ಮೇಲೆ ಲೇಸರಿನಿಂದ ಕೊರೆದ ಅಕ್ಷರಗಳಿದ್ದರೆ ಸಂಶಯಪಡುವುದು ಯುಕ್ತ.

ಇವೆಲ್ಲಕ್ಕಿಂತ ಬಲವಾದ ಪರೀಕ್ಷೆಯೆಂದರೆ ಇತಿಹಾಸ. ಮನೆಗಳು ಹುಟ್ಟಿದ, ಮುಚ್ಚಿದ ವರ್ಷಗಳನ್ನು ಮೇಲೆ ಅಷ್ಟು ವಿವರವಾಗಿ ಬರೆದುದು ಈ ಕಾರಣಕ್ಕಾಗಿಯೇ. ಹೈನಿಕ್ಸ್ ಎಂಬ ಹೆಸರಿನ ಕೆಳಗೆ 9730 ಎಂದು ಕಾಲ ಬರೆದಿದ್ದರೆ ಅದು ಸಲ್ಲದು. 1997ರಲ್ಲಿ ಆ ಹೆಸರೇ ಇರಲಿಲ್ಲ. ಎಸ್.ಜಿ.ಎಸ್.-ಥಾಮ್ಸನ್ ಮುದ್ರೆಗೆ 1982ರ ಕಾಲ ಹೊಂದದು. ಇಂಟೆಲಿನ ಅಂಡಾಕಾರದ ಮುದ್ರೆಗೆ 1980ರ ದಶಕ ಹೊಂದದು. ಕ್ವಿಮೊಂಡಾದ ಹೆಸರಿಗೆ 2003 ಹೊಂದದು. ಸುಳ್ಳು ಮುದ್ರೆ ಒತ್ತುವವನು ಚಿತ್ರವನ್ನು ಚೆನ್ನಾಗಿ ಬರೆಯಬಲ್ಲ. ಚರಿತ್ರೆಯನ್ನು ಓದಿರುವುದು ಕಡಿಮೆ.

ಬೆನ್ನಿನ ಮೇಲೆ ಗಾಜಿನ ಕಿಟಕಿಯಿರುವ ಒಂದು ಜಾತಿಯೂ ಉಂಟು. ಇಂಟೆಲಿನ ಡೋವ್ ಫ್ರೋಮನ್ ಎಂಬವರು ಕಂಡುಹಿಡಿದ ಈ ಬಗೆ 1971ರಲ್ಲಿ 1702 ಎಂಬ ಹೆಸರಿನಿಂದ ಹೊರಬಂತು. ಆ ಸ್ಫಟಿಕದ ಕಿಟಕಿಯ ಮೂಲಕ ಅತಿನೇರಳೆ ಕಿರಣ ಹಾಯಿಸಿದರೆ ಒಳಗಿನ ಬರಹ ಅಳಿಯುತ್ತದೆ. ಅದೇ ಕಿಟಕಿಯ ಮೂಲಕ ಭೂತಗನ್ನಡಿ ಹಿಡಿದು ನೋಡಿದರೆ ಸಿಲಿಕಾನ್ ತುಣುಕಿನ ಮೇಲೆಯೇ ಕೆತ್ತಿದ ತಯಾರಕರ ಗುರುತು ಎಷ್ಟೋ ವೇಳೆ ಕಾಣಿಸುತ್ತದೆ. ಬೆನ್ನಿನ ಅಚ್ಚನ್ನು ಬದಲಿಸಿದವನಿಗೆ ಇದನ್ನು ಬದಲಿಸಲು ಸಾಧ್ಯವಿಲ್ಲ. ಆದರೆ ಕಿಟಕಿಗೆ ಅಂಟಿಸಿದ ಚೀಟಿಯನ್ನು ಸುಮ್ಮನೆ ಕೀಳಕೂಡದು. ನೇರ ಬಿಸಿಲಿಗೆ ಸುಮಾರು ಒಂದು ವಾರ ಬಿದ್ದರೆ ಒಳಗಿನ ಬರಹ ಅಳಿಯುವುದೆಂದು ತಯಾರಕರೇ ಎಚ್ಚರಿಸಿದ್ದಾರೆ. ಹಳೆಯ ಯಂತ್ರವೊಂದರ ಏಕೈಕ ಪ್ರತಿ ಅದರೊಳಗಿರಬಹುದು.

ನಮ್ಮ ನಾಡಿನ ಅಕ್ಷರಗಳು

ಇಷ್ಟೆಲ್ಲ ಪರದೇಶದ ಮುದ್ರೆಗಳ ನಡುವೆ ಬಿ.ಇ.ಎಲ್. ಎಂಬ ಮೂರಕ್ಷರ ಕಂಡರೆ ಕನ್ನಡಿಗರು ಒಂದು ಕ್ಷಣ ನಿಲ್ಲಬೇಕು. 1954ರಲ್ಲಿ ಸ್ಥಾಪಿತವಾದ, ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1962ರಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರ್ ಮುಂತಾದುವನ್ನೂ, 1967ರಲ್ಲಿ ಸಿಲಿಕಾನ್ ಸರಕುಗಳನ್ನೂ ಐ.ಸಿ.ಗಳನ್ನೂ ಮಾಡತೊಡಗಿತು. ನಮ್ಮ ದೇಶದಲ್ಲಿ ಮಾಡಿದ ಹಳೆಯ ರೇಡಿಯೋಗಳ ಒಳಗೆ ಬಿ.ಇ.ಎಲ್. 187, 188 ಎಂಬ ಟ್ರಾನ್ಸಿಸ್ಟರುಗಳನ್ನು ಇಂದಿಗೂ ಕಾಣಬಹುದು. ಅವು ಮೆಮೊರಿಗಳಲ್ಲ, ಆದರೆ ಅದೇ ವಿದ್ಯೆಯ ಮೊದಲ ಮೆಟ್ಟಿಲು. ಪಂಜಾಬಿನ ಮೊಹಾಲಿಯಲ್ಲಿ ಸರಕಾರದ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಎಂಬ ಕಾರ್ಖಾನೆ 1984ರಲ್ಲಿ ಕೆಲಸಕ್ಕೆ ತೊಡಗಿತು. 1989ರ ಫೆಬ್ರವರಿಯಲ್ಲಿ ಬೆಂಕಿಗೆ ತುತ್ತಾಗಿ ಬಹುಕಾಲ ಹಿಂದೆ ಬಿತ್ತು. 2023ರಲ್ಲಿ ಗುಜರಾತಿನ ಸಾನಂದದಲ್ಲಿ ಮೆಮೊರಿ ಚಿಪ್ಪುಗಳನ್ನು ಜೋಡಿಸಿ ಪರೀಕ್ಷಿಸುವ ಕಾರ್ಖಾನೆಯ ಕಟ್ಟಡ ಕೆಲಸವನ್ನು ಆರಂಭಿಸಿದವರು ಮೇಲೆ ಹೇಳಿದ ಬಟಾಟೆಯ ಬಂಡವಾಳದ ಮೈಕ್ರಾನಿನವರೇ.

ಜಪಾನಿನಲ್ಲಿ ಹಿಟಾಚಿ ಮತ್ತು ಎನ್.ಇ.ಸಿ. ಎಂಬ ಎರಡು ಮಹಾಮನೆಗಳ ಮೆಮೊರಿ ಉದ್ಯಮ 1999ರ ಕೊನೆಗೆ ಒಂದುಗೂಡಿ ಎಲ್ಪಿಡಾ ಆಯಿತು. 2003ರಲ್ಲಿ ಮಿತ್ಸುಬಿಶಿಯದೂ ಅದರಲ್ಲಿ ಲೀನವಾಯಿತು. 2012ರಲ್ಲಿ ಎಲ್ಪಿಡಾ ದಿವಾಳಿಯೆದ್ದು, 2013ರಲ್ಲಿ ಮೈಕ್ರಾನಿನ ಕೈಸೇರಿತು. ಸೂರ್ಯಕಿರಣದ ಮುದ್ರೆ, ಮೂರು ವಜ್ರಗಳ ಮುದ್ರೆಗಳು ಇಂಥ ಮೆಮೊರಿಯ ಮೇಲೆ ಈಗ ಹೊಸದಾಗಿ ಬೀಳುವುದಿಲ್ಲ. ಇದ್ದಷ್ಟೇ ಇವೆ, ಅವೂ ಗೋಣಿಗಳಲ್ಲಿ ದಿನೇ ದಿನೇ ಕರಗುತ್ತಿವೆ. ಅವುಗಳಿಂದ ಚಿನ್ನ ತೆಗೆಯಲು ತೆರೆದ ಪಾತ್ರೆಯಲ್ಲಿ ಆಮ್ಲ ಕುದಿಸುವ ಬಡ ಕೆಲಸಗಾರರ ಶ್ವಾಸಕೋಶಗಳೂ ಜತೆಗೇ ಸವೆಯುತ್ತಿವೆ.

ಆದುದರಿಂದ ಈ ಕಸುಬಿನಲ್ಲಿರುವ ನಮ್ಮ ತರುಣರಿಗೆ ಎರಡು ಮಾತು. ಹಳೆಯ ಹಲಗೆ ಕೈಗೆ ಬಂದರೆ ಒಡೆಯುವುದಕ್ಕೆ ಮುಂಚೆ ಐದು ನಿಮಿಷ ದೀಪದ ಬೆಳಕಿನಲ್ಲಿ ಹಿಡಿದು ನೋಡಿರಿ. ಲಾಂಛನ, ಮುನ್ನಕ್ಷರ, ಸಂಖ್ಯೆ, ಕಾಲ ಈ ನಾಲ್ಕನ್ನೂ ಒಂದು ನೋಟ್ ಪುಸ್ತಕದಲ್ಲಿ ನಾಲ್ಕು ಕಲಮು ಎಳೆದು ಬರೆದಿಡಿರಿ. ಲಾಂಛನದ ಚಿತ್ರವನ್ನು ಕೈಯಿಂದಲೇ ಬಿಡಿಸಿರಿ, ಇಲ್ಲವೆ ಮೊಬೈಲಿನಲ್ಲಿ ಫೋಟೋ ತೆಗೆದಿಡಿರಿ. ನಾಲ್ಕು ಸಾಕ್ಷಿಗಳೂ ಒಂದೇ ಮಾತನ್ನು ಹೇಳಿದರೆ ಸರಕನ್ನು ನಂಬಿರಿ. ಒಂದು ಸಾಕ್ಷಿ ತಪ್ಪಿದರೂ ಬೆಲೆ ಕಟ್ಟುವ ಮುನ್ನ ಮತ್ತೊಮ್ಮೆ ವಿಚಾರಿಸಿರಿ. ಆರು ತಿಂಗಳು ಈ ಅಭ್ಯಾಸ ನಡೆಸಿದವನು ಪೇಟೆಯಲ್ಲಿ ಇನ್ನೊಬ್ಬನ ಮಾತಿನ ಮೇಲೆ ಸರಕು ಕೊಳ್ಳುವ ಪ್ರಮೇಯವೇ ಬಾರದು. ಗೋಣಿಯನ್ನು ತೂಕಕ್ಕೆ ಹಾಕುವ ಮೊದಲು ಅವನ ಕೈ ತಾನಾಗಿ ಭೂತಗನ್ನಡಿಯತ್ತ ಹೋಗುವುದು.